ಎಂಟು ಗಂಟೆಯ ಜೇನು

ಎಂಟು ಹೊಡೆದು ಇಪ್ಪತ್ತು ನಿಮಿಷವಾದರೂ ಮೇಜಿನ ಹತ್ತಿರ ಒಂದೇ ಒಂದು ಜೇನುಹುಳ ಸುಳಿಯಲಿಲ್ಲ.

ಸಬ್ ಇನ್ಸ್‌ಪೆಕ್ಟರ್ ಪ್ರಮೀಳಾ ಮೂರನೇ ಸಲ ಕೈಗಡಿಯಾರ ನೋಡಿಕೊಂಡಳು. ಬಯಲಲ್ಲೊಂದು ಮರದ ಮೇಜು, ಅದರ ಮೇಲೆ ಖಾಲಿ ಗಾಜಿನ ತಟ್ಟೆ, ಸುತ್ತ ನಿಂತು ಅದನ್ನೇ ದಿಟ್ಟಿಸುತ್ತಿರುವ ಮೂರು ಜನ. ದಾರಿಯಲ್ಲಿ ಹೋಗುವವರು ಯಾರಾದರೂ ನೋಡಿದ್ದರೆ ಈ ಮೂವರಿಗೂ ತಲೆ ಕೆಟ್ಟಿದೆ ಅಂದುಕೊಂಡು ಬೇಗ ಬೇಗ ದಾಟಿ ಹೋಗುತ್ತಿದ್ದರು.

"ಇನ್ನೂ ಎಷ್ಟು ಹೊತ್ತು ಡಾಕ್ಟ್ರೇ?"

"ಒಂಬತ್ತೂ ಹತ್ತಕ್ಕೆ ಬರುತ್ತವೆ," ಅಂದಳು ಡಾಕ್ಟರ್ ಸಹನ, ತಟ್ಟೆಯಿಂದ ಕಣ್ಣು ತೆಗೆಯದೆ.

"ಮತ್ತೆ ನನ್ನ ಎಂಟಕ್ಕೇ ಬರೋಕೆ ಹೇಳಿದ್ರಲ್ಲ!"

"ಎಂಟಕ್ಕೆ ಬರಲ್ಲ ಅನ್ನೋದನ್ನೂ ನೋಡಬೇಕಲ್ಲ, ಇನ್ಸ್‌ಪೆಕ್ಟ್ರೇ."

ಪ್ರಮೀಳಾಗೆ ಮೈಯೆಲ್ಲ ಉರಿಯಿತು. ಪಕ್ಕದಲ್ಲಿದ್ದ ಕಾನ್ಸ್‌ಟೇಬಲ್ ಶಂಕರ್ ನಗು ತಡೆಯಲಾರದೆ ಟೋಪಿ ತೆಗೆದು ಒಳಗಡೆ ಏನೋ ಹುಡುಕುವವನಂತೆ ಮಾಡಿದ.

ಉರಿಯದೆ ಏನು ಮಾಡೀತು? ನಾಲ್ಕು ದಿನದಿಂದ ಆಕೆ ಮುಟ್ಟಿದ್ದೆಲ್ಲ ಕೈಕೊಡುತ್ತಿತ್ತು. ಮಂಗಳವಾರ ಬೆಳಿಗ್ಗೆ ಚಿನಕುರಳಿ ಅಂಚಿನ ಇದೇ ತೋಟದ ಮನೆಯಲ್ಲಿ, ಸಹನಳ ಜೇನು ಸಂಶೋಧನೆಗೆ ಕಾವಲಿದ್ದ ಕುಳ್ಳಯ್ಯ ತಲೆ ಒಡೆದು ಬಿದ್ದಿದ್ದ. ಆರು ಜೇನು ಪೆಟ್ಟಿಗೆಗಳಲ್ಲಿ ನಾಲ್ಕನೆಯದು ಮಾಯವಾಗಿತ್ತು. ಕುಳ್ಳಯ್ಯ ಈಗ ಮೈಸೂರಿನ ಆಸ್ಪತ್ರೆಯಲ್ಲಿ ಕಣ್ಣು ಬಿಡದೆ ಮಲಗಿದ್ದ. ಏಟು ಯಾವ ಹೊತ್ತಿಗೆ ಬಿತ್ತೆಂದು ಅಲ್ಲಿನ ವೈದ್ಯರೂ ಖಚಿತವಾಗಿ ಹೇಳಲಿಲ್ಲ.

ಹೊಡೆದದ್ದು ಪೆಟ್ಟಿಗೆಯ ಮುಚ್ಚಳ ಗಾಳಿಗೆ ಹಾರದಿರಲೆಂದು ಮೇಲೆ ಇಡುವ ಕಲ್ಲಿನಿಂದ. ಕಲ್ಲಿನ ಮೇಲೆ ಬೆರಳಚ್ಚು ಸಿಕ್ಕೀತು ಅಂದರೆ ಅದಕ್ಕೆ ಮೇಣವೂ ಜೇನೂ ಮೆತ್ತಿಕೊಂಡು ಒಂದು ಗುರುತೂ ನೆಟ್ಟಗಿರಲಿಲ್ಲ. ಪೊಲೀಸ್ ನಾಯಿ ಕರೆಸಿದರೆ ಅದು ಮೂತಿಗೆ ಎರಡು ಹುಳ ಕಚ್ಚಿಸಿಕೊಂಡು ಜೀಪಿನ ಕೆಳಗೆ ಹೊಕ್ಕಿತು. ಬಿಸ್ಕತ್ತು ತೋರಿಸಿದರೂ ಆಚೆ ಬರಲಿಲ್ಲ.

ಕೈಗೆ ಸಿಕ್ಕವನು ಒಬ್ಬನೇ, ಟಿಪ್ಪರ್ ಡ್ರೈವರ್ ದಿಲೀಪ. ಕಲ್ಲು ಕ್ವಾರಿಯ ಸಿಡಿತಕ್ಕೆ ಜೇನು ಬೆದರುತ್ತವೆಂದು ಸಹನ ಅರ್ಜಿ ಹಾಕಿ ಕ್ವಾರಿ ನಿಲ್ಲಿಸಿದ್ದಳು. ಕೆಲಸವಿಲ್ಲದೆ ಕೂತ ದಿಲೀಪ ಟೀ ಅಂಗಡಿಯಲ್ಲಿ ಹತ್ತು ಜನರ ಮುಂದೆ, ಆ ಪೆಟ್ಟಿಗೆಗಳಿಗೆ ಬೆಂಕಿ ಇಡುತ್ತೇನೆಂದು ಕೂಗಾಡಿದ್ದ. ಮಂಗಳವಾರ ಎಂಟು ಐವತ್ತೈದಕ್ಕೆ ಅವನ ಬೈಕು ಈ ರಸ್ತೆಯಲ್ಲಿ ಬಂದದ್ದು ಕೋಳಿ ಫಾರಮ್ಮಿನ ಕ್ಯಾಮೆರಾದಲ್ಲಿತ್ತು. ಗದ್ದೆಗೆ ಮೋಟರ್ ನೋಡಲು ಹೋಗಿದ್ದೆ ಅಂತ ಅವನು ಹೇಳಿದ್ದನ್ನು ಯಾರೂ ನಂಬಲಿಲ್ಲ.

ನಂಬದಿರಲು ಕಾರಣ ಚಲುವರಾಜುವಿನ ಹೇಳಿಕೆ. ಸಹನಳ ಸಹಾಯಕ ಅವನು, ಮನೆಯಲ್ಲಿ ಹಸು ಕಟ್ಟಿಕೊಂಡು ಊರಿನ ಡೇರಿಗೆ ಹಾಲೂ ಹಾಕುತ್ತಿದ್ದ. ದಿನಾ ಎಂಟಕ್ಕೆ ಸರಿಯಾಗಿ ಈ ತಟ್ಟೆಗೆ ಸಕ್ಕರೆ ಪಾಕ ಹಾಕಿ, ಬಂದ ಹುಳಗಳನ್ನು ಎಣಿಸಿ ಬರೆಯುವುದು ಅವನ ಕೆಲಸ. ಅವತ್ತೂ ಎಂಟಕ್ಕೆ ಬಂದೆ, ಕುಳ್ಳಯ್ಯ ಕೊಟ್ಟ ಟೀ ಕುಡಿದೆ, ಎಂಟು ನಲವತ್ತಕ್ಕೆ ಸಕ್ಕರೆ ತರಲು ಹೋದೆ, ಒಂಬತ್ತೂವರೆಗೆ ತಿರುಗಿ ಬಂದರೆ ಕುಳ್ಳಯ್ಯ ಬಿದ್ದಿದ್ದ ಅಂತ ಬರೆದುಕೊಟ್ಟಿದ್ದ. ಚಲುವರಾಜು ಓಡಾಡುವುದು ಗದ್ದೆಯ ಬದುವಿನ ಮೇಲೆ; ಆ ಐವತ್ತು ನಿಮಿಷದಲ್ಲಿ ಈ ರಸ್ತೆಯಲ್ಲಿ ಬಂದವನು ದಿಲೀಪ ಒಬ್ಬನೇ.

ಅವನಿಗೆ ಬೇಡಿ ಹಾಕಿಸಿದ್ದು ಪ್ರಮೀಳಾನೇ. ಸೋಮವಾರ ಅವನ ಜಾಮೀನು ಅರ್ಜಿ. ಈ ಸಾಕ್ಷ್ಯ ಹೀಗೇ ನಿಂತರೆ ಅವನು ಹೊರಗೆ ಬರುವುದಿಲ್ಲ, ಕುಳ್ಳಯ್ಯ ಉಳಿಯದಿದ್ದರಂತೂ ಅದು ಕೊಲೆ ಕೇಸು. ದಿಲೀಪನ ತಾಯಿ ದ್ಯಾವಮ್ಮ ದಿನಾ ಹತ್ತೂವರೆ ಬಸ್ಸಿಗೆ ಪಾಂಡವಪುರಕ್ಕೆ ಬಂದು ಸಂಜೆಯವರೆಗೆ ಠಾಣೆಯ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಅತ್ತವಳಲ್ಲ, ಶಾಪ ಹಾಕಿದವಳಲ್ಲ. ಪ್ರಮೀಳಾ ಒಳಗೆ ಹೋಗುವಾಗ ಒಂದೇ ಮಾತು ಹೇಳುತ್ತಿದ್ದಳು: "ನನ್ ಮಗ ಬಾಯಲ್ ಬೆಂಕಿ ಇಕ್ಕೋನು ಕಣವ್ವ. ಕೈಯಲ್ಲಲ್ಲ."

ಆ ಮಾತು ಪ್ರಮೀಳಾಳ ತಲೆಯಲ್ಲಿ ಕೂತುಬಿಟ್ಟಿತ್ತು. ಹಾಗಂತ ಅದನ್ನು ಕೋರ್ಟಿಗೆ ಒಪ್ಪಿಸಲು ಬರುತ್ತದೆಯೇ?

ಇಷ್ಟರ ನಡುವೆ ಈ ವಿಜ್ಞಾನಿ. ಸೀಲ್ ಆದ ಜಾಗದಲ್ಲಿ ಒಂದು ದಿನ ಜೇನು ಎಣಿಸಬೇಕು, ಪಾಕ ಇಡದೆ ನಾಲ್ಕು ದಿನವಾಯಿತು, ಇನ್ನೂ ನೆನಪಿಟ್ಟುಕೊಂಡಿವೆಯೇ ನೋಡಬೇಕು ಅಂತ ಆಕೆಯ ವರಾತ. ಪ್ರಮೀಳಾ ಆಗಲ್ಲ ಅಂದಳು. ಶ್ರೀರಂಗಪಟ್ಟಣದ ತನ್ನ ಮನೆಯಿಂದಲೇ ಆಕೆ ಯಾರಿಗೆ ಫೋನ್ ಮಾಡಿದಳೋ, ಸಂಜೆಗೆ ಮೇಲಿನಿಂದ ಅಪ್ಪಣೆ ಬಂತು. ಕಾವಲುಗಾರನ ಜೀವ ತೂಗಾಡುತ್ತಿರುವಾಗ ಹುಳ ಎಣಿಸಲು ಪೊಲೀಸ್ ಕಾವಲು!

"ಬಂತು," ಅಂದಳು ಸಹನ.

ಗಡಿಯಾರದಲ್ಲಿ ಒಂಬತ್ತೂ ಎಂಟು. ಒಂದು ಹುಳ ಖಾಲಿ ತಟ್ಟೆಯ ಅಂಚಿನಲ್ಲಿ ಕೂತಿತು, ಎದ್ದಿತು, ಮತ್ತೆ ಕೂತಿತು. ಆಮೇಲೆ ಎರಡು, ಆಮೇಲೆ ಎಂಟು ಹತ್ತು. ಒಂಬತ್ತೂ ಹದಿನೈದರ ಹೊತ್ತಿಗೆ ಮೇಜಿನ ಸುತ್ತ ಗುಂಯ್‌ಗುಡುವ ಸಂತೆಯೇ ನೆರೆಯಿತು. ಎಲ್ಲದರ ಬೆನ್ನಿನ ಮೇಲೂ ಒಂದೊಂದು ಬಣ್ಣದ ಚುಕ್ಕೆಯಿತ್ತು, ಕೆಂಪು, ನೀಲಿ, ಹಳದಿ. ಒಂದೊಂದು ಪೆಟ್ಟಿಗೆಗೆ ಒಂದೊಂದು ಬಣ್ಣ.

ಪ್ರಮೀಳಾಗೆ ಇಷ್ಟವಿಲ್ಲದಿದ್ದರೂ ಅಚ್ಚರಿಯಾಯಿತು. ತಟ್ಟೆಯಲ್ಲಿ ಒಂದು ಹನಿ ಪಾಕವಿಲ್ಲ. ಆದರೂ ಬಂದಿವೆ.

"ಊಟದ ಹೊತ್ತು ಇವಕ್ಕೆ ನೆನಪಿರುತ್ತೆ," ಅಂದಳು ಸಹನ. ನಾಲ್ಕು ದಿನದಲ್ಲಿ ಆಕೆಯ ಮುಖ ಅರಳಿದ್ದು ಇದೇ ಮೊದಲು. "ಸಾಸಿವೆ ಕಾಳಿಗಿಂತ ಚಿಕ್ಕ ಮೆದುಳು. ಅದರೊಳಗೆ ಹೊತ್ತು ಅಳೆಯೋ ನರಕೋಶಗಳ ಒಂದು ಗುಂಪಿದೆ. ಬೇರೆ ಕಡೆಯ ಜೇನಿಗೆ ಎಂಟಕ್ಕೆ ಪಾಕ ಇಟ್ಟು ಅಭ್ಯಾಸ ಮಾಡಿಸಿದ್ರೆ ಎಂಟಕ್ಕಿಂತ ಸ್ವಲ್ಪ ಮುಂಚೇನೇ ಬಂದು ಕಾಯುತ್ತೆ. ನಮ್ಮ ಈ ತುಡುವೆ ಜೇನು ಮಾತ್ರ ಒಂದು ಗಂಟೆ ಹತ್ತು ನಿಮಿಷ ತಡ. ಎರಡೂವರೆ ವರ್ಷದಿಂದ ಹೀಗೇ. ಆ ಕೋಶಗಳ ಲಯವೇ ಬೇರೆ ಅನ್ನೋದು ನನ್ನ ವಾದ. ಮುಂದಿನ ತಿಂಗಳು ಇದನ್ನ ಮಂಡಿಸೋಕೆ ಹೋಗ್ತಿದ್ದೀನಿ."

"ದಿನಾ ನೀವೇ ನೋಡ್ತೀರಾ?"

"ತಿಂಗಳಿಗೊಂದು ದಿನ ಬಂದು ತಟ್ಟೆ ಖಾಲಿ ಇಟ್ಟು ಎಣಿಸ್ತೀನಿ. ಮಿಕ್ಕ ದಿನ ಪಾಕ ಇಟ್ಟು ಹಾಳೆ ತುಂಬೋದು ಚಲುವರಾಜು. ಇವತ್ತು ಅವನಿಗೆ ಬರೋಕೆ ಹೇಳಿಲ್ಲ."

ಪ್ರಮೀಳಾ ಹುಳಗಳನ್ನೇ ನೋಡುತ್ತ ನಿಂತಳು. ಆಕೆಯ ತವರು ಕೆ.ಆರ್. ಪೇಟೆ ಕಡೆಯ ಹಳ್ಳಿ. ಅಲ್ಲಿ ತಾಯಿ ಈಗಲೂ ಎರಡು ಹಸು ಕಟ್ಟಿದ್ದಳು. ಹೋದ ವರ್ಷ ಮೊಣಕಾಲು ನೋವು ಬಂದು ಒಂದು ತಿಂಗಳು ತಾಯಿ ಏಳುವುದೇ ತಡವಾದಾಗ, ಹಸುಗಳು ಅಂಬಾ ಅನ್ನುವ ಹೊತ್ತೂ ಅಷ್ಟೇ ತಡವಾಗಿತ್ತು. ಆಗ ಯಾರೂ ಹಸುವಿನ ಮೆದುಳು ಪರೀಕ್ಷೆ ಮಾಡಿಸಿರಲಿಲ್ಲ.

"ಡಾಕ್ಟ್ರೇ, ತಡ ಆಗಿರೋದು ಹುಳಾನೋ, ಮನುಷ್ಯಾನೋ?"

"ಅಂದ್ರೆ?"

"ಚಲುವರಾಜು ದಿನಾ ಒಂಬತ್ತೂ ಹತ್ತಕ್ಕೆ ಪಾಕ ಇಟ್ಟಿದ್ರೆ, ಇವು ಯಾವ ಹೊತ್ತಿಗೆ ಬರ್ತಿದ್ವು?"

ಸಹನ ಮೊದಲು ನಕ್ಕಳು. ಆಮೇಲೆ ನಗು ನಿಂತಿತು. ಆಮೇಲೆ ಸಿಟ್ಟು ಬಂತು.

"ಬಿಸಿಲು, ತೇವ, ಹೂವಿನ ಕಾಲ, ಕ್ವಾರಿಯ ಅದುರು, ಒಂದೊಂದನ್ನೂ ಲೆಕ್ಕ ಹಾಕಿ ಪಕ್ಕಕ್ಕಿಟ್ಟಿದ್ದೀನಿ. ಎರಡೂವರೆ ವರ್ಷದ ಕೆಲಸ ಇದು. ನೀವು ಎರಡು ನಿಮಿಷ ನೋಡಿ ಮಾತಾಡ್ತಿದ್ದೀರಿ."

"ಚಲುವರಾಜುವನ್ನ ಪಕ್ಕಕ್ಕಿಟ್ಟು ನೋಡಿದ್ರಾ?"

"ನಾನು ಬಂದ ದಿನ ಏಳೂಮುಕ್ಕಾಲಿಗೇ ಗೇಟಲ್ಲಿ ನಿಂತಿರ್ತಾನೆ!"

"ನಮ್ಮ ಸಾಹೇಬ್ರು ಬರೋ ದಿನ ಶಂಕರನೂ ಬೂಟಿಗೆ ಪಾಲಿಶ್ ಹಾಕ್ತಾನೆ ಡಾಕ್ಟ್ರೇ."

ಶಂಕರ್ ಕಾಲು ಹಿಂದಕ್ಕೆ ಎಳೆದುಕೊಂಡ. ಪ್ರಮೀಳಾ ಜೀಪಿನಿಂದ ಕಡತ ತರಿಸಿ, ಮುಟ್ಟುಗೋಲು ಹಾಕಿಕೊಂಡಿದ್ದ ಎಣಿಕೆ ಹಾಳೆಗಳನ್ನು ಬಿಡಿಸಿದಳು. ನಾಲ್ಕು ದಿನದಿಂದ ಇದೇ ಹಾಳೆಗಳನ್ನು ತಿರುವಿ ಹಾಕಿದ್ದರೂ ಕಾಣದಿದ್ದದ್ದು ಈಗ ಕಂಡಿತು. 'ಬೆಳಿಗ್ಗೆ 8.00' ಅನ್ನುವುದು ಯಾರೂ ಬರೆದದ್ದಲ್ಲ. ಪ್ರತಿ ಹಾಳೆಯಲ್ಲೂ ಮೊದಲೇ ಅಚ್ಚಾಗಿತ್ತು. ಚಲುವರಾಜು ಕೈಯಾರೆ ಬರೆದಿದ್ದದ್ದು ಹುಳಗಳ ಸಂಖ್ಯೆ ಮಾತ್ರ.

ಆಕೆಗೆ ತನ್ನ ಹಣೆಯನ್ನೇ ಚಚ್ಚಿಕೊಳ್ಳಬೇಕೆನ್ನಿಸಿತು. ಒಂದು ಹಾಳೆಯನ್ನು ಎಷ್ಟು ಸಲ ಓದಿದರೆ ಸರಿಯಾಗಿ ಓದಿದ ಹಾಗೆ?

"ಶಂಕರ್, ಅವನನ್ನ ಕರ್ಕೊಂಡು ಬಾ. ಮನೆಗೆ ಹೋಗ್ಬೇಡ, ಡೇರಿಗೆ ಹೋಗು. ಮಂಗಳವಾರ ಅವನು ಹಾಲು ಹಾಕಿದ ಚೀಟೀದು ಇನ್ನೊಂದು ಪ್ರತಿ ಮಿಷನ್ನಿಂದ ತೆಗೆಸ್ಕೊಂಡು ಬಾ."

ಇಪ್ಪತ್ತೇ ನಿಮಿಷದಲ್ಲಿ ಶಂಕರನ ಬೈಕು ತಿರುಗಿ ಬಂತು. ಹಿಂದೆ ಕೂತಿದ್ದ ಚಲುವರಾಜುವಿನ ತೊಡೆಯ ಮೇಲೆ ಖಾಲಿ ಹಾಲಿನ ಕ್ಯಾನು. ನಲವತ್ತರ ಹತ್ತಿರದ ಆಸಾಮಿ, ತಲೆ ಎತ್ತಿ ಮಾತಾಡುವವನಲ್ಲ. ಸಹನಳನ್ನು ಕಂಡದ್ದೇ ಕ್ಯಾನನ್ನು ಬೆನ್ನ ಹಿಂದೆ ಮರೆ ಮಾಡಿದ. ಹತ್ತು ಲೀಟರಿನ ಕ್ಯಾನು, ಎಷ್ಟು ಮರೆಯಾದೀತು?

ಶಂಕರ್ ಚೀಟಿಯನ್ನು ಕೊಟ್ಟ. ಪ್ರಮೀಳಾ ಓದಿ ಮಡಚಿ ಅಂಗೈಯಲ್ಲಿಟ್ಟುಕೊಂಡಳು.

"ಮಂಗಳವಾರ ಎಂಟಕ್ಕೆ ಎಲ್ಲಿದ್ದೆ ಚಲುವರಾಜು?"

"ಇಲ್ಲೇ ಇದ್ದೆ ಮೇಡಂ. ಅವತ್ತೇ ಬರ್ಕೊಟ್ಟಿವ್ನಲ್ಲ."

"ಕುಳ್ಳಯ್ಯ ಟೀ ಕೊಟ್ಟ ಅಂದೆ. ಹಾಲು ಹಾಕಿದ್ನಾ?"

"ಹೂಂ... ಆಕಿದ್ದ."

"ಯಾರ ಮನೆ ಹಾಲು?"

"ನಮ್ದೇಯ. ದಿನಾ ಅವ್ನಿಗೆ ಒಂದ್ ಲೋಟ ತಂದ್ಕೊಡ್ತೀನಿ."

"ನಿಮ್ಮ ಹಾಲು ಅವತ್ತು ಎಂಟು ಐವತ್ತೆರಡರವರೆಗೂ ಡೇರಿ ಸಾಲಲ್ಲಿ ನಿಂತಿತ್ತಲ್ಲಯ್ಯ." ಆಕೆ ಚೀಟಿ ಬಿಡಿಸಿ ಅವನ ಮುಖಕ್ಕೆ ಹಿಡಿದಳು. "ನಿನ್ನ ನಂಬರು, ನಿನ್ನ ಫ್ಯಾಟು, ಮಿಷನ್ ಹಾಕಿದ ಗಂಟೆ. ನಿನ್ನ ಹೆಂಡತಿ ಹಾಕಿದ್ಲು ಅಂತ ಹೇಳ್ಬೇಡ. ಡೇರಿ ಸೆಕ್ರೆಟ್ರೀನ ಇಲ್ಲಿಗೇ ಕರೆಸ್ತೀನಿ."

ಚಲುವರಾಜು ಚೀಟಿ ನೋಡಿದ, ಹುಳ ನೋಡಿದ, ಸಹನಳ ಕಡೆ ಮಾತ್ರ ನೋಡಲಿಲ್ಲ. ಆಮೇಲೆ ಕ್ಯಾನು ನೆಲಕ್ಕಿಟ್ಟು ಅದರ ಪಕ್ಕದಲ್ಲೇ ಕುಕ್ಕರಿಸಿದ.

"ಹಾಲಾಕ್ಬುಟ್ಟು ಬದಿನ್ ಮೇಲೆ ನಡ್ಕೊಂಡ್ ಬರೋ ಒತ್ಗೆ ಒಂಬತ್ತೂ ಅತ್ತು ಆಯ್ತದೆ ಮೇಡಂ. ಅವತ್ತೂ ಅಂಗೇ ಬಂದೆ. ಬಂದ್ರೆ ಕುಳ್ಳಯ್ಯ ಬಿದ್ದವ್ನೆ."

"ಅಂದ್ರೆ ಬೆಳಿಗ್ಗೆ ಅವನು ಎದ್ದು ಓಡಾಡಿದ್ದನ್ನ ನೀನು ನೋಡೇ ಇಲ್ಲ?"

"ಇಲ್ಲ."

"ಟೀ?"

"ಕುಡಿನಿಲ್ಲ."

"ಸಕ್ಕರೆ?"

"ತರ್ನಿಲ್ಲ."

ಮೇಜಿನ ಆಚೆ ಬದಿಯಿಂದ ಸಹನ ಕೇಳಿದಳು. ಆಕೆಯ ಧ್ವನಿ ತೀರಾ ಮೆಲ್ಲಗಿತ್ತು. "ಎಷ್ಟು ದಿನದಿಂದ ಹೀಗೆ ಚಲುವರಾಜು?"

"ಸುರುವಿಂದ್ಲೂ ಮೇಡಂ."

"ಶುರುವಿಂದ ಅಂದ್ರೆ?"

"ನೀವ್ ಬರೋ ದಿನ ಒಂದ್ ಬುಟ್ಟು, ಎಲ್ಲಾ ದಿನಾನೂವೆ. ಆ ಹಾಳೇಲಿ ಎಂಟು ಅಂತ ಮುಂಚೇನೇ ಅಚ್ಚಾಕ್ಸಿದ್ರಲ್ಲ. ನಾ ಬಂದ ಒತ್ತು ಬರಿಯಾಕೆ ಅದ್ರಲ್ಲಿ ಜಾಗಾನೇ ಇರ್ನಿಲ್ಲ." ಅವನು ಕ್ಯಾನಿನ ಹಿಡಿಯನ್ನು ತಿರುಗಿಸುತ್ತ ಇನ್ನೂ ಒಂದು ಮಾತು ಸೇರಿಸಿದ. "ಜೇನುಳಕ್ಕೆ ಗಂಟೆ ಏನ್ ಗೊತ್ತಾಯ್ತದೆ ಬುಡು ಅನ್ಕಂಡೆ."

ಜೇನಿಗೆ ಗಂಟೆ ಗೊತ್ತು ಎಂದು ತೋರಿಸುವುದಕ್ಕೇ ಆ ಹೆಂಗಸು ತನ್ನ ವಯಸ್ಸು ಸವೆಸಿದ್ದಳು. ಅದನ್ನು ಈ ಮನುಷ್ಯನಿಗೆ ಒಂದು ದಿನ ಕೂರಿಸಿಕೊಂಡು ಹೇಳಿರಲಿಲ್ಲ, ಅಷ್ಟೇ. ಹೇಳಿದ್ದರೆ ಅವನು ಹಾಲಿನ ಕ್ಯಾನನ್ನು ಹೆಂಡತಿಯ ಕೈಗೆ ಕೊಟ್ಟು ಓಡಿ ಬರುತ್ತಿದ್ದನೋ ಏನೋ. ಬರೀ ಹಾಳೆ ಕೊಟ್ಟು ತುಂಬು ಅಂದಿದ್ದಳು, ಅವನು ತುಂಬಿದ್ದ.

ಪ್ರಮೀಳಾಗೆ ಅದೆಲ್ಲ ಆಮೇಲೆ. "ಅದಕ್ಕೆ ನಮಗೂ ಸುಳ್ಳು ಹೇಳಿದೆ?"

"ಒಂಬತ್ತಕ್ಕೆ ಬಂದೆ ಅಂದ್ರೆ ಹಾಳೆಯೆಲ್ಲ ಸುಳ್ಳು ಅಂತ ಗೊತ್ತಾಯ್ತದೆ. ಮೇಡಂ ಕೆಲ್ಸದಿಂದ ತಗ್ದಾಕ್ತಾರೆ ಅಂತ."

"ದಿಲೀಪ ನಾಲ್ಕು ದಿನದಿಂದ ಒಳಗಿದ್ದಾನಲ್ಲೋ! ನಿನ್ನ ಒಂದು ಮಾತಿಗೆ!"

"ಇಂಗಾಯ್ತದೆ ಅಂತ ಗೊತ್ತಿರ್ನಿಲ್ಲ ಮೇಡಂ. ಆಮೇಕೆ ಯೋಳಕ್ಕೆ ಎದ್ರುಕೊಂಡೆ. ಅವ್ನ್ ತಾಯಿ ಎದುರ್ಗೆ ಸಿಕ್ರೆ ದಾರಿ ಬುಟ್ಟು ಓಯ್ತಿದ್ದೆ."

ಪ್ರಮೀಳಾಗೆ ಅವನ ಕಪಾಳಕ್ಕೆ ಬಾರಿಸಬೇಕೆನ್ನಿಸಿತು. ಬಾರಿಸಿದರೆ ತನ್ನ ಕಪಾಳಕ್ಕೂ ಒಂದು ಬಾರಿಸಿಕೊಳ್ಳಬೇಕಾಗುತ್ತದೆ. ಅವನ ಹೇಳಿಕೆ ನಂಬಿ ಎಂಟು ನಲವತ್ತಕ್ಕಿಂತ ಮುಂಚಿನದನ್ನು ಯಾರೂ ವಿಚಾರಿಸಿರಲೇ ಇಲ್ಲ. ಕೋಳಿ ಫಾರಮ್ಮಿನ ಕ್ಯಾಮೆರಾದಲ್ಲಿ ಶಂಕರ್ ನೋಡಿದ್ದೂ ಅಲ್ಲಿಂದ ಮುಂದಿನದು ಮಾತ್ರ.

"ಶಂಕರ್, ಕೋಳಿ ಫಾರಂಗೆ ಫೋನ್ ಹಾಕು. ಮಂಗಳವಾರ ಬೆಳಗಾಗೋದ್ರಿಂದ ಎಂಟು ನಲವತ್ತರ ತನಕ ಬೇಕು ಅನ್ನು."

ಶಂಕರ್ ಫೋನ್ ಹಿಡಿದು ಆಚೆ ಹೋದ. ತಿರುಗಿ ಬಂದಾಗ ಅವನ ಮುಖ ನೋಡಿಯೇ ಆಕೆಗೆ ಗೊತ್ತಾಯಿತು.

"ಮೂರ್ ದಿನದ್ದು ಮಾತ್ರ ಇರ್ತದಂತೆ ಮೇಡಂ. ಆಮೇಲೆ ತಂತಾನೇ ಅಳಿಸೋಯ್ತದಂತೆ. ನಾವು ತಗೊಂಡಿರೋ ತುಂಡು ಬುಟ್ರೆ ಬೇರೆ ಏನೂ ಇಲ್ಲ."

ಒಂದು ಬಾಗಿಲು ತೆರೆದರೆ ಇನ್ನೊಂದು ಮುಖಕ್ಕೇ ಬಡಿಯುತ್ತಿತ್ತು. ಆದರೂ ಒಂದು ಕೆಲಸವಾಯಿತು. ದಿಲೀಪನನ್ನು ಕಟ್ಟಿಹಾಕಿದ್ದ ಐವತ್ತು ನಿಮಿಷ ಈಗ ಇಲ್ಲ; ಏಟು ನಸುಕಿನಲ್ಲೇ ಬಿದ್ದಿರಬಹುದು. ಸೋಮವಾರದೊಳಗೆ ಇದು ಬರವಣಿಗೆಯಲ್ಲಿ ಬಂದರೆ ಸಾಕು.

"ಚಲುವರಾಜು ನಾಳೆ ಮಾತು ತಿರುಗಿಸಬಹುದು," ಅಂದಳು ಆಕೆ ಸಹನಳಿಗೆ. "ನಿಮ್ಮ ಹುಳ ತಿರುಗಿಸಲ್ಲ. ಅವು ಬರೋ ಹೊತ್ತೇ ಅವನು ಪಾಕ ಇಡೋ ಹೊತ್ತು ಅಂತ ನೀವು ಬರೆದು ಸಹಿ ಹಾಕಿಕೊಡಬೇಕು."

"ಹಾಕಿದ್ರೆ ನನ್ನ ಕೆಲಸ ಅಲ್ಲಿಗೆ ಮುಗೀತು. ಗೊತ್ತಲ್ಲ?"

"ಗೊತ್ತು. ಹಾಕದಿದ್ರೆ ಆ ಹುಡುಗನ ಕಥೆ ಮುಗೀತು."

ಸಹನ ಎಣಿಕೆ ಹಾಳೆಯಲ್ಲಿ ಅಚ್ಚಾದ ಗಂಟೆಯ ಮೇಲೆ ಒಮ್ಮೆ ಬೆರಳಾಡಿಸಿದಳು. ಕೊನೆಗೆ ಪೆನ್ನಿಗೆ ಕೈ ಚಾಚಿದಳು. "ನನ್ನ ಜೇನು ಒಂದು ದಿನಾನೂ ತಡ ಮಾಡಿರಲಿಲ್ಲ," ಅಂದಳು. ಆಕೆಗೆ ಅಳು ಬಂದಿತ್ತು, ತಡೆದುಕೊಳ್ಳುವ ಗೋಜಿಗೂ ಹೋಗಲಿಲ್ಲ. ಹಾಳೆಯನ್ನು ಮೇಜಿನ ಮೇಲೆ ಹಾಸಿ ಎರಡು ಸಾಲು ಬರೆದಳು. ಮೂರನೆಯ ಸಾಲಿಗೆ ಒಂದು ಹುಳ ಬಂದು ಹಾಳೆಯ ಮೇಲೇ ಕೂತಿತು.

ಆಕೆಯ ಪೆನ್ನು ನಿಂತಿತು.

"ಬಿಳಿ," ಅಂದಳು.

"ಏನು?"

"ಬಿಳಿ ಚುಕ್ಕೆ. ನಾಲ್ಕನೇ ಪೆಟ್ಟಿಗೆ ಹುಳ ಇದು!"

ಪ್ರಮೀಳಾ ಬಗ್ಗಿ ನೋಡಿದಳು. ಬೆನ್ನಿನ ಮೇಲೆ ಅಕ್ಕಿನುಚ್ಚಿನಷ್ಟು ಬಿಳಿ ಬಣ್ಣ, ಸ್ವಲ್ಪ ಎಡ ರೆಕ್ಕೆಗೂ ತಾಗಿತ್ತು. ಕಳುವಾದ ಪೆಟ್ಟಿಗೆಯನ್ನು ಅಷ್ಟು ಹೊತ್ತಿಗೆ ನಾಗಮಂಗಲವೋ ಮೈಸೂರೋ ದಾಟಿಸಿರುತ್ತಾರೆಂದು ಅವಳು ಕೈಬಿಟ್ಟಿದ್ದಳು.

"ಪೆಟ್ಟಿಗೆ ದೂರ ಹೋಗಿದ್ರೆ ಇದು ಇಲ್ಲಿಗೆ ಬರೋಕೆ ಸಾಧ್ಯ ಇಲ್ಲ. ಇಲ್ಲೇ ಎಲ್ಲೋ ಇದೆ." ಸಹನಳಿಗೆ ಸಹಿಯೂ ಮರೆತಿತ್ತು, ಅಳುವೂ ಮರೆತಿತ್ತು. "ಯಾರೋ ತಿಳಿದವರೇ ಇಟ್ಟಿದ್ದಾರೆ. ಬಾಗಿಲಿಗೆ ಹುಲ್ಲು ತುರುಕಿಟ್ಟು ಆಮೇಲೆ ಬಿಟ್ರೆ ಹುಳ ಹೊಸ ಜಾಗ ಕಲ್ತುಕೊಳ್ಳುತ್ತೆ. ಚಲುವರಾಜು, ಪಾಕ ಕಲಸು. ಬೇಗ!"

ಚಲುವರಾಜು ಎದ್ದು ಓಡಿದ. ತಟ್ಟೆಗೆ ಪಾಕ ಬಿದ್ದದ್ದೇ ಬಿಳಿ ಹುಳ ಹೊಟ್ಟೆ ಉಬ್ಬುವಷ್ಟು ಹೀರಿತು, ಎದ್ದು ಎರಡು ಸುತ್ತು ಹಾಕಿತು, ಆಮೇಲೆ ಪೂರ್ವದ ಕಡೆ ಕಬ್ಬಿನ ಗದ್ದೆಯ ಮೇಲೆ ನೆಟ್ಟಗೆ ಹಾರಿತು. ಐದೇ ನಿಮಿಷದಲ್ಲಿ ಅದೇ ಹುಳ, ಎಡ ರೆಕ್ಕೆಗೆ ಬಣ್ಣ ತಾಗಿದ್ದು, ತಿರುಗಿ ಬಂತು.

"ಹೋಗಿ, ಪಾಕ ಇಳಿಸಿ, ಬರೋಕೆ ಐದು ನಿಮಿಷ. ಅರ್ಧ ಕಿಲೋಮೀಟರೂ ಇಲ್ಲ," ಅಂದಳು ಸಹನ.

"ಆ ಕಡೆ ಏನಿದೆ?" ಪ್ರಮೀಳಾ ಕೇಳಿದಳು.

ಚಲುವರಾಜು ಕೈಯಲ್ಲಿದ್ದ ಪಾಕದ ಚೊಂಬನ್ನೇ ನೋಡುತ್ತಿದ್ದ.

"ಏನಿದೆ ಅಂದೆ!"

"ಗದ್ದೆ ದಾಟುದ್ರೆ ಒಂದೇ ಮನೆ ಮೇಡಂ. ದಿಲೀಪನ್ದು."

ಪ್ರಮೀಳಾ ಕಣ್ಣು ಮುಚ್ಚಿ ತೆರೆದಳು. ಅವನನ್ನು ಬಿಡಿಸುವ ದಾರಿ ಸಿಕ್ಕಿ ಕಾಲು ಗಂಟೆಯಾಗಿರಲಿಲ್ಲ. ದಿಲೀಪನ ಪರ ಸಾಕ್ಷಿ ಹೇಳಿದ ಹುಳಗಳೇ ಈಗ ಅವನ ಮನೆಯ ದಾರಿ ತೋರಿಸುತ್ತಿದ್ದವು. ಒಂದನ್ನು ನಂಬಿ ಇನ್ನೊಂದನ್ನು ಬಿಡಲು ಬರುವಂತಿರಲಿಲ್ಲ. ಯಾರನ್ನು ಬೈಯಬೇಕೆಂದು ತೋಚದೆ ಆಕೆ ಗದ್ದೆಯ ಬದುವಿನ ಮೇಲೆ ಬಿರಬಿರನೆ ನಡೆದಳು. ಉಳಿದವರು ಹಿಂದೆ ಬಂದರು.

ದ್ಯಾವಮ್ಮ ಬಸ್ಸಿಗೆ ಹೊರಟು ನಿಂತಿದ್ದಳು. ಒಂದು ಕೈಯಲ್ಲಿ ಬೀಗ, ಇನ್ನೊಂದರಲ್ಲಿ ಮಗನಿಗೆ ಬುತ್ತಿ. ನಾಲ್ಕು ಜನ ಕಬ್ಬಿನ ಸಂದಿಯಿಂದ ಒಟ್ಟಿಗೇ ಬಂದದ್ದನ್ನು ಕಂಡು ಬುತ್ತಿಯನ್ನು ಜಗಲಿಯ ಮೇಲಿಟ್ಟಳು. ಯಾಕೆ ಬಂದಿರಿ ಅಂತ ಕೇಳಲಿಲ್ಲ.

ಹುಡುಕುವ ಶ್ರಮವೇ ಬೀಳಲಿಲ್ಲ. ಕೊಟ್ಟಿಗೆಯ ಹಿಂದೆ ಒಣಹುಲ್ಲಿನ ಮರೆಯಲ್ಲಿ, ಎರಡು ಇಟ್ಟಿಗೆಯ ಮೇಲೆ ಪೆಟ್ಟಿಗೆ ಕೂತಿತ್ತು. ಬಿಳಿ ಚುಕ್ಕೆಯ ಹುಳಗಳು ಹೋಗಿ ಬರುತ್ತಿದ್ದವು. ಸಹನ ಓಡಿಹೋಗಿ ಅದರ ಮುಂದೆ ಮಂಡಿಯೂರಿದಳು.

"ಏನಮ್ಮ ಇದು?" ಪ್ರಮೀಳಾ ಪೆಟ್ಟಿಗೆಯ ಕಡೆ ಕೈ ತೋರಿಸಿದಳು. "ದಿನಾ ನನ್ನ ಮೆಟ್ಟಿಲ ಮೇಲೆ ಕೂತು ನನ್ನ ಮಗ ಅಲ್ಲ ಅಂತಿದ್ದೆ. ಪೆಟ್ಟಿಗೆ ನೋಡಿದ್ರೆ ನಿನ್ನ ಹಿತ್ತಿಲಲ್ಲಿದೆ."

"ನನ್ ಮಗ ತಂದಿದ್ದಲ್ಲ ಕಣವ್ವ. ಅವ್ನಿಗೆ ಇದು ಇಲ್ಲೈತೆ ಅಂತ್ಲೇ ಗೊತ್ತಿಲ್ಲ."

"ಮತ್ತೆ ಯಾರು ತಂದ್ರು?"

"ಕುಳ್ಳಯ್ಯ."

ಶಂಕರ್ ಬಾಯಿ ತೆರೆದ. ಪ್ರಮೀಳಾ ಕೈ ಎತ್ತಿ ಅವನನ್ನು ಸುಮ್ಮನಿರಿಸಿದಳು.

"ಸೋಮಾರ ಮುಚ್ಚಂಜೇಲಿ ತಲೆ ಮೇಲೆ ಒತ್ಕೊಂಡ್ ಬಂದ. ಬಾಗ್ಲಿಗೆ ಉಲ್ಲು ತುರುಕಿವ್ನಿ, ಎಲ್ಡ್ ದಿನ ಆದ್ಮೇಕೆ ತಗಿ ಅಂದ. ತಗ್ದೆ."

"ನಾಲ್ಕು ದಿನ ನನ್ನ ಮುಂದೆ ಕೂತಿದ್ದೆಯಲ್ಲ, ಒಂದು ಮಾತು ಹೇಳಬಾರದಾಗಿತ್ತಾ?"

"ಯೋಳುದ್ರೆ ನಂಬ್ತಿದ್ಯಾ ನೀನು? ಕದ್ದ ಮಾಲು ಇವ್ರ್ ಮನೇಲೇ ಸಿಕ್ತು ಅಂತ ನನ್ ಮಗನ್ ಕುತ್ಗೆಗೆ ಇನ್ನೊಂದ್ ಅಗ್ಗ ಬಿಗೀತಿದ್ದೆ. ಕುಳ್ಳಯ್ಯ ಕಣ್ ಬುಡ್ಲಿ, ಅವ್ನೇ ಯೋಳ್ತಾನೆ ಅಂತ ಕಾಯ್ತಿದ್ದೆ ಕಣವ್ವ."

ನಾಲ್ಕು ದಿನದ ಹಿಂದಿನ ಪ್ರಮೀಳಾ ಆಗಿದ್ದರೆ ಹಾಗೇ ಮಾಡುತ್ತಿದ್ದಳು. "ಯಾಕೆ ತಂದಿಟ್ಟ ಅವನು?"

ದ್ಯಾವಮ್ಮ ಒಮ್ಮೆ ಕೊಟ್ಟಿಗೆಯ ಕಡೆ ನೋಡಿ ದನಿ ತಗ್ಗಿಸಿದಳು.

"ನಾಳೆ ಬೆಳಿಗ್ಗೆ ಆರ್ಗಂಟ್ಗೆ ಡಾಕ್ಟ್ರಮ್ಮ ಬತ್ತಾವ್ರೆ ಅಕ್ಕ, ಈ ಪೆಟ್ಗೆ ಉಳನೆಲ್ಲ ಐಸಿನಂಗೆ ಕೊರೆಯೋ ಒಗೆ ಬರೋ ಡಬ್ಬಿಗಾಕಿ ಸಾಯಿಸಿ ಅವ್ಗಳ ಮಿದ್ಳು ತಗೀತಾರಂತೆ, ಸಾಕಿದ್ ಕೈಲಿ ನಾ ಎಂಗ್ ನೋಡ್ಲಿ, ನಾಕ್ ದಿನ ಮಡಿಕ್ಕೊ ಅಂದ. ಅಂಗಂದೋನು ಬೆಳಗಾಗೋದ್ರಲ್ಲಿ ಬಿದ್ದೋಗವ್ನೆ."

ಪ್ರಮೀಳಾ ಆ ಮಾತನ್ನು ಮನಸ್ಸಿನಲ್ಲಿ ಇನ್ನೊಮ್ಮೆ ಹೇಳಿಕೊಂಡಳು. ಮಂಗಳವಾರ ಇಡೀ ಬೆಳಿಗ್ಗೆ ಶ್ರೀರಂಗಪಟ್ಟಣದ ಮನೆಯಲ್ಲಿದ್ದೆ, ಚಲುವರಾಜುವಿನ ಫೋನ್ ಬಂದ ಮೇಲೆ ಮಧ್ಯಾಹ್ನ ಇಲ್ಲಿಗೆ ಬಂದೆ ಎಂದು ಸಹನ ಬರೆದುಕೊಟ್ಟಿದ್ದಳು. ಯಾರೂ ಎರಡನೇ ಸಲ ಕೇಳಿರಲಿಲ್ಲ.

"ಬರ್ಕೊ ಶಂಕರ್," ಅಂದಳು ಆಕೆ, ಒಂದೊಂದೇ ಮಾತನ್ನು ಬಿಡಿಸಿ. "ಮಂಗಳವಾರ ಬೆಳಿಗ್ಗೆ ಆರು ಗಂಟೆಗೆ ಡಾಕ್ಟರ್ ಸಹನ ತೋಟದ ಮನೆಗೆ ಬರೋರಿದ್ರು."

"ಆರು ಗಂಟೆ ಅಲ್ಲ."

ಎಲ್ಲರೂ ತಿರುಗಿದರು. ಸಹನ ಪೆಟ್ಟಿಗೆಗೆ ಕಿವಿಯಿಟ್ಟು ಒಳಗಿನ ಸದ್ದು ಕೇಳುತ್ತ ಮಂಡಿಯೂರಿಯೇ ಇದ್ದಳು. ಒಂದು ಹುಳ ಆಕೆಯ ಕೆನ್ನೆಯ ಮೇಲೆ ಹರಿಯುತ್ತಿತ್ತು, ಅದನ್ನು ಓಡಿಸಲಿಲ್ಲ.

"ಆರು ನಲವತ್ತಕ್ಕೆ ಬಂದೆ," ಅಂದಳು. "ಪೆಟ್ಟಿಗೆ ಎಲ್ಲಿ ಅಂತ ಎಷ್ಟು ಕೇಳಿದ್ರೂ ಅವನು ಬಾಯಿ ಬಿಡಲಿಲ್ಲ. ಇನ್ನೊಂದು ಸಲ ತಪ್ಪು ಹೊತ್ತು ಬರ್ಕೊಬೇಡಿ."